ಅಪ್ಪ ಮೊದಲು ನೋಡಿ ಬಂದ ಸಿನಿಮಾಗಳು

ಇವತ್ತು ಅಪ್ಪನ ಜೊತೆ ಶಿವಾಜಿನಗರದಲ್ಲಿ ಹೊಸ ಫೈಟಿಂಗ್ ಸಿನಿಮಾಕ್ಕೆ ಹೋಗಿದ್ದೆ. ಬಾಗಿಲಲ್ಲೇ ಪಾಪ್‌ಕಾರ್ನ್ ವಾಸನೆ ಮೂಗಿಗೆ ಬಡಿದು ಹಳೆಯ ಸಿಟ್ಟು ನೆತ್ತಿಗೇರಿತು.

ನಾನು ಚಿಕ್ಕವಳಿದ್ದಾಗ ಇಂಥ ಸಿನಿಮಾದ ಪೋಸ್ಟರ್ ಗೋಡೆಗೆ ಅಂಟಿದರೆ ಸಾಕು, ವಾರವಿಡೀ ಅದೇ ಧ್ಯಾನ. ಅಪ್ಪ ಮಾತ್ರ, "ಮೊದಲ ನಾ ನೋಡಿ ಬರ್ತೀನಿ. ಹುಡುಗ್ಯಾರು ನೋಡೋ ಹಂಗಿದ್ರ ನಿನ್ನ ಕರ್ಕೊಂಡು ಹೋಗ್ತೀನಿ," ಎನ್ನುತ್ತಿದ್ದ. ಶುಕ್ರವಾರ ಆಫೀಸಿಗೆ ರಜೆ ಹಾಕಿ ಒಬ್ಬನೇ ಹೋಗುತ್ತಿದ್ದ. ಸಂಜೆ ಅಂಗಿಯ ತುಂಬ ಪಾಪ್‌ಕಾರ್ನ್ ವಾಸನೆ ಹೊತ್ತು ಬಂದವನೇ ಅಡುಗೆಮನೆಯಲ್ಲಿ ಕೊಡೆಯನ್ನು ಕತ್ತಿಯಂತೆ ಬೀಸಿ, ಅವ್ವನ ಹಪ್ಪಳದ ಡಬ್ಬಿ ಕೆಡವಿ, ಮೋಸ ಮಾಡಿದವನು ಯಾರು, ಕೊನೆಗೆ ಸತ್ತವನು ಯಾರು ಎಂದು ಎಲ್ಲವನ್ನೂ ಹೇಳಿಬಿಡುತ್ತಿದ್ದ. ನಾನು ಕಿವಿ ಮುಚ್ಚಿಕೊಂಡರೆ ಕೈ ಬಿಡಿಸಿ ಹೇಳುತ್ತಿದ್ದ. ಆಮೇಲೆ ಅದೇ ಮಾತು: "ಕಥಿ ಗೊತ್ತಾತಲ್ಲ, ಇನ್ನೇನ್ ನೋಡ್ತಿ? ಸುಮ್ನ ಓದ್ಕೊ."

ಒಂದಕ್ಕೂ ಕರೆದೊಯ್ಯಲಿಲ್ಲ.

ಇವತ್ತಿನ ಸಿನಿಮಾದ ವಿಮರ್ಶೆಯನ್ನು ನಾನು ಮೊಬೈಲಿನಲ್ಲಿ ಕೊನೆಯ ಸಾಲಿನವರೆಗೂ ಓದಿಕೊಂಡೇ ಹೋಗಿದ್ದೆ. ಇಂಟರ್ವಲ್‌ನಲ್ಲಿ ಅಪ್ಪ ಕಣ್ಣರಳಿಸಿ, "ಆ ಮುಸುಕು ಹಾಕ್ಕೊಂಡಾವ ಯಾರಿರಬೇಕು?" ಎಂದ.

"ಹೀರೋನ ತಮ್ಮ. ಹೀರೋನ ಕೈಯಾಗ ಸಾಯ್ತಾನ," ಎಂದೆ. "ಕಥಿ ಗೊತ್ತಾತಲ್ಲ, ಇನ್ನೇನ್ ನೋಡ್ತಿ? ಏಳು, ಮನಿಗೆ ಹೋಗೂಣು."