ಸಿಪ್ಪೆ ಸುಲಿದ ಗೋಪುರ

ಅವರ ಬಲಗೈ ಹೆಬ್ಬೆರಳಿನ ಉಗುರಿನಡಿಯಲ್ಲಿ ಸದಾ ಸುಣ್ಣದ ಬಿಳಿ ಗೆರೆಯೊಂದು ಇರುತ್ತಿತ್ತು. ಹಳೆಯ ಗೋಡೆ ಕಂಡಲ್ಲಿ ನಿಂತು ಕಲ್ಲುಗಳ ಸಂದಿಗೆ ಉಗುರು ಒತ್ತುವುದು ಅವರ ಅಭ್ಯಾಸ. ಗಾರೆ ಪುಡಿಯಾಗಿ ಉದುರಿದರೆ ಸುಣ್ಣ. ಉಗುರೇ ಮುರಿದರೆ ಸಿಮೆಂಟು, ಅಂದರೆ ಇತ್ತೀಚಿನ ದುರಸ್ತಿ.

ಅವರು ಕೇರಳದ ವಯನಾಡಿನ ಕಲ್ಪೆಟ್ಟದ ಕಾಲೇಜೊಂದರಲ್ಲಿ ಇತಿಹಾಸದ ಅಧ್ಯಾಪಕಿ. ನಾನು ಅವರ ಬಳಿ ಸಂಶೋಧನೆ ಕಲಿತವನು. ಇಬ್ಬರ ಮನೆಮಾತೂ ಕನ್ನಡವಾದ್ದರಿಂದ ನನಗೆ ಅವರು ‘ಅಕ್ಕ’, ಅವರಿಗೆ ನಾನು ‘ತಮ್ಮ’. ಎರಡು ಆಧಾರಗಳಲ್ಲಿ ತಾಳೆಯಾಗದ ತಾರೀಕನ್ನು ಅಕ್ಕ ಬರೆಯಗೊಡುತ್ತಿರಲಿಲ್ಲ. ಅವರ ಜನ್ಮವರ್ಷವನ್ನು ಶಾಲೆಯ ದಾಖಲೆ ಒಂದು ಹೇಳಿದರೆ ತಾಯಿ ಇನ್ನೊಂದು ಹೇಳುತ್ತಿದ್ದರು; ಆದ್ದರಿಂದ ಇಲ್ಲಿ ಅದನ್ನು ಬಿಟ್ಟಿದ್ದೇನೆ.

ಅವರು ಜೀವಮಾನವಿಡೀ ಹಿಡಿದ ವಿಷಯ ಉತ್ತರ ಇಂಗ್ಲೆಂಡಿನ ಒಂದು ಹಾಳುಕೋಟೆ. ವಯನಾಡಿನವಳಿಗೆ ಅದರ ಉಸಾಬರಿ ಏಕೆಂದು ಸಹೋದ್ಯೋಗಿಗಳು ಕೆಣಕುತ್ತಿದ್ದರು. “ನಮ್ಮ ಬೆಟ್ಟದ ಚರಿತ್ರೆ ಬರೆಯುವಾಗ ಆ ಇಂಗ್ಲಿಷರು ನಮ್ಮ ಸಮ್ಮತಿ ಕೇಳಿದ್ರಾ?” ಎಂದಷ್ಟೇ ಹೇಳಿ ಕೆಲಸಕ್ಕೆ ಮರಳುತ್ತಿದ್ದರು.

ಹನ್ನೆರಡನೆಯ ಶತಮಾನದ ಆ ಕೋಟೆಯ ನಡುಗೋಪುರದ ಗೋಡೆಗೆ ಒಳಗೂ ಹೊರಗೂ ನಯವಾಗಿ ಕೆತ್ತಿದ ಕಲ್ಲಿನ ಹೊದಿಕೆ. ನಡುವೆ ಸುಣ್ಣ ಕಲಸಿದ ಕಾಡುಕಲ್ಲು. ಈಗ ಕೆಳಭಾಗದಲ್ಲಿ ಹೊರಹೊದಿಕೆ ಪೂರ್ತಿ ಮಾಯವಾಗಿದೆ, ಮೇಲ್ಭಾಗದಲ್ಲಿ ಭದ್ರವಾಗಿದೆ. ಹದಿನೇಳನೆಯ ಶತಮಾನದ ಅಂತರ್ಯುದ್ಧದ ಫಿರಂಗಿಗಳು ಹೀಗೆ ಮಾಡಿದವೆಂದು ಬಾಗಿಲಿನ ಫಲಕ ಹೇಳುತ್ತದೆ. ಒಂದು ಬೇಸಿಗೆ ಅಲ್ಲಿಗೆ ಹೋಗಿ, ಉಗುರು ಒತ್ತಿ, ಕಾವಲುಗಾರನಿಂದ ಬೈಸಿಕೊಂಡು ಬಂದ ಅಕ್ಕ ಅದನ್ನು ಒಪ್ಪಲಿಲ್ಲ.

“ಫಿರಂಗಿಗೆ ಕಣ್ಣುಂಟಾ ತಮ್ಮ, ಏಣಿ ಎಟುಕೋ ಕಡೆ ಮಾತ್ರ, ಅದೂ ನುಣ್ಣಗಿನ ಕಲ್ಲನ್ನೇ ಆರಿಸಿ ಹೊಡೆಯೋಕೆ? ಅದು ಊರೋರು ಮನೆ ಕಟ್ಟೋಕೆ ಹೊತ್ತದ್ದು.”

ನಾನು ದಾಖಲೆಗಳನ್ನು ತಾಳೆ ನೋಡಿದೆ. ಮುತ್ತಿಗೆ ನಡೆದದ್ದು ನಿಜ. ಆದರೆ ಅದಾಗಿ ಬಹುಕಾಲದ ಮೇಲೆ ಬರೆದ ಚಿತ್ರವೊಂದರಲ್ಲಿ ಹೊದಿಕೆ ಬುಡದವರೆಗೂ ಇದೆ.

ಈ ಊಹೆ ಅವರಿಗೆ ಹೊಳೆದದ್ದು ತೋಲ್ಪೆಟ್ಟಿ ಹಳ್ಳಿಯ ಅವರ ಮನೆಯ ಹಿತ್ತಲಿನಿಂದ. ಅಲ್ಲಿನ ಬಟ್ಟೆ ಒಗೆಯುವ ಕಲ್ಲು ಹಾಳು ಬಸದಿಯದು. ಅಡಿಯಲ್ಲಿ ಕಮಲದ ಎಸಳುಗಳ ಕೆತ್ತನೆಯಿದೆ. ಅಂಗಡಿ ಇಡಲು ಮೈಸೂರು ಸೀಮೆಯಿಂದ ಬಂದ ಅವರ ಅಜ್ಜ ಹೊರಿಸಿ ತಂದದ್ದು. ಕೋಟೆಯ ಕುರಿತ ಪ್ರಬಂಧದಲ್ಲಿ ಅಕ್ಕ ಇದನ್ನೂ ಮುಚ್ಚಿಡದೆ ಬರೆದರು.

ಇಂಗ್ಲೆಂಡಿನ ಪತ್ರಿಕೆಯೊಂದು ಪ್ರಬಂಧವನ್ನು ಒಪ್ಪಿತು, ಹಿತ್ತಲಿನ ಭಾಗವನ್ನು ಕಿತ್ತುಹಾಕುವ ಷರತ್ತಿನ ಮೇಲೆ: ಮನೆಯ ಕತೆ ಪುರಾವೆಯಲ್ಲವಂತೆ. ಅಷ್ಟರಲ್ಲಿ ಅಕ್ಕ ಹಾಸಿಗೆ ಹಿಡಿದಿದ್ದರು. ಕಣ್ಣು ಮುಚ್ಚುವ ಮೊದಲು ಅಚ್ಚಿನಲ್ಲಿ ನೋಡಲೆಂಬ ಆಸೆಯಿಂದ, ಬಿಟ್ಟುಕೊಡೋಣವೇ ಎಂದು ಕೇಳಿದೆ.

“ನಾವೂ ಕದ್ದೋರೇ ಅಂತ ಬರೆದಿದ್ದೀನಿ. ಅದನ್ನು ತೆಗೆದ್ರೆ ಅಲ್ಲಿನ ಊರೋರನ್ನು ಮಾತ್ರ ಕಳ್ಳರು ಅಂದ ಹಾಗಾಯ್ತು. ಅಂಥದ್ದು ನನ್ನ ಹೆಸರಲ್ಲಿ ಬೇಡ.”

ಪಕ್ಕದಲ್ಲಿ ಕೂತಿದ್ದ ತಾಯಿಗೆ ಸಿಟ್ಟು ಬಂತು. “ಕದ್ದದ್ದು ಯಾಕಂತೀಯೆ? ಬಿದ್ದದ್ದನ್ನ ಎತ್ಕೊಂಡು ಬಂದದ್ದು.”

“ಅಲ್ಲಿನೋರೂ ಅದನ್ನೇ ಹೇಳ್ತಾರಮ್ಮ,” ಎಂದು ಅಕ್ಕ ನಕ್ಕರು. ಆ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು.

ಪತ್ರಿಕೆಯವರು ಈಗ ನನ್ನನ್ನು ಕೇಳಿದ್ದಾರೆ: ಅವರ ನೆನಪಿಗೆ ಪ್ರಬಂಧವನ್ನು ಪ್ರಕಟಿಸುತ್ತಾರಂತೆ, ಷರತ್ತು ಹಳೆಯದೇ. ಆಗದೆಂದು ತಿಳಿಸಿದ್ದೇನೆ. ಒಂದು ಸಾಲೂ ಬಿಡದೆ ಅದನ್ನು ಕನ್ನಡದಲ್ಲಿ ಅಚ್ಚು ಹಾಕಿಸುತ್ತಿದ್ದೇನೆ. ತಮ್ಮ ಕೋಟೆ ಹೇಗೆ ಹಾಳಾಯಿತೆಂದು ತಿಳಿಯಬೇಕೆನಿಸಿದರೆ ಅವರು ಅನುವಾದ ಮಾಡಿಸಿಕೊಂಡು ಓದಲಿ.