ಬು ಮುರ್ಯಾನಿಯ ಜರಡಿ

ಸುಂಬಿಂಗ್ ಬೆಟ್ಟದ ತಪ್ಪಲಿನ ಆ ಪಟ್ಟಣದ ಆರೋಗ್ಯ ಕಚೇರಿಯಲ್ಲಿ, ಸಾಹೇಬರು ಒಳಗೆ ಬಂದರೂ ಕುರ್ಚಿ ಬಿಟ್ಟು ಏಳದವರು ಒಬ್ಬರೇ ಇದ್ದರು. ಅವರು ಬು ಮುರ್ಯಾನಿ, ಅಲ್ಲಿಯವರ ಬಾಯಲ್ಲಿ ಬು ಎಂದರೆ ಅಮ್ಮ. ಸೊಕ್ಕಲ್ಲ, ಮಂಡಿನೋವು. ಹದಿನೆಂಟು ವರ್ಷ ಲಸಿಕೆಯ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಬೆಟ್ಟದ ಹಳ್ಳಿಗಳನ್ನು ಹತ್ತಿಳಿದು ಸವೆದ ಮಂಡಿಗಳು. ಇನ್ನು ನಡೆಯಲಾಗದು ಎಂದಾಗ ಇಲಾಖೆ ಅವರನ್ನು ಅಂಕಿಅಂಶದ ಕೋಣೆಯಲ್ಲಿ ತಂದು ಕೂರಿಸಿತು. ನಿವೃತ್ತಿಯವರೆಗೂ ಸಿಹಿ ಚಹಾ ಕುಡಿಯುತ್ತಾ ಕಾಲ ತಳ್ಳುತ್ತಾರೆ ಎಂದುಕೊಂಡವರೇ ಹೆಚ್ಚು. ಮುರ್ಯಾನಿಯವರೋ, ನಲವತ್ತಾರನೇ ವಯಸ್ಸಿನಲ್ಲಿ ಅಂಕಿಅಂಶದವರು ಬಳಸುವ ಆರ್ ಎಂಬ ಕಂಪ್ಯೂಟರ್ ಭಾಷೆ ಕಲಿತು, ಎರಡೇ ವರ್ಷದಲ್ಲಿ ಕಲಿಸಿದವರ ತಪ್ಪನ್ನೇ ಎತ್ತಿ ತೋರಿಸತೊಡಗಿದರು.

ಅದರಲ್ಲಿ ಅವರು ಬರೆದ ಪುಟ್ಟ ಪ್ರೋಗ್ರಾಮಿಗೆ ಕಚೇರಿಯಲ್ಲಿ ಎಲ್ಲರೂ ಜರಡಿ ಎನ್ನುತ್ತಿದ್ದರು. ಜಿಲ್ಲೆಯ ಅಷ್ಟೂ ಮಕ್ಕಳ ಪಟ್ಟಿಯನ್ನು ಅದಕ್ಕೆ ಸುರಿದರೆ, ದಡಾರದ ಎರಡನೇ ಚುಚ್ಚುಮದ್ದು ಬಾಕಿ ಇರುವ ಮಕ್ಕಳ ಹೆಸರು ಕೆಳಗೆ ಬೀಳುತ್ತಿತ್ತು. ಹಳ್ಳಿ, ವಯಸ್ಸು ಬೇಕಿದ್ದರೆ ಕೊಡಬಹುದು, ಕೊಡದೆಯೂ ಇರಬಹುದು. ಹಳ್ಳಿಯ ಹೆಸರು ಕೊಟ್ಟರೆ ಆ ಹಳ್ಳಿಯ ಮಕ್ಕಳು, ಕೊಡದಿದ್ದರೆ ಇಡೀ ಜಿಲ್ಲೆಯ ಮಕ್ಕಳು. ಇದು ಹೇಗೆ ಎಂದು ಯಾರಾದರೂ ಕೇಳಿದರೆ ಅವರ ಬಳಿ ಉತ್ತರ ಸಿದ್ಧವಿತ್ತು.

"ಚರಂಡಿ ಹೂಳೆತ್ತೋಕೆ ಬನ್ನಿ ಅಂತ ಮಸೀದಿ ಮೈಕಲ್ಲಿ ಕೂಗ್ತಾರಲ್ಲ, ಇಂಥಾ ಬೀದಿಯೋರು ಅಂದ್ರೆ ಆ ಬೀದಿಯೋರು ಹೋಗ್ತಾರೆ. ಬೀದಿ ಹೆಸರೇ ಹೇಳ್ಲಿಲ್ಲ ಅಂದ್ರೆ? ಎಲ್ಲಾರೂ ಗುದ್ದಲಿ ತಗೊಂಡು ಬರ್ತೀವಿ. ಹೆಸರು ಹೇಳ್ಲಿಲ್ವಲ್ಲ ಅಂತ ಮನೇಲಿ ಮಲಗ್ತೀವಾ?"

ಆಗಸ್ಟ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಅವರು ಕಚೇರಿಗೆ ಬಂದಾಗ ಅಲ್ಲಿ ಹಬ್ಬದ ಕಳೆ. ಮೇಜಿನ ಮೇಲೆ ಸೋಯಾ ಕಾಳಿನ ಹುರಿದ ತೆಂಪೆಯ ಬುಟ್ಟಿ. ಬೆಟ್ಟದ ನೆತ್ತಿಯ ಸುಂಬರ್ ಅಲಸ್ ಹಳ್ಳಿಯಲ್ಲಿ ಬಾಕಿ ಮಕ್ಕಳು ಸೊನ್ನೆ ಎಂದು ಜರಡಿ ಹೇಳಿತ್ತು. ಕಚೇರಿಯ ಮುಖ್ಯಸ್ಥ ಪಾಕ್ ಹೆಂದಾರ್ತೊ, ಅಂದರೆ ಹೆಂದಾರ್ತೊ ಸಾಹೇಬರು, ಆ ಸೊನ್ನೆಯನ್ನು ಆಗಲೇ ಪ್ರಾಂತ್ಯದ ಕಚೇರಿಗೆ ಕಳಿಸಿಬಿಟ್ಟಿದ್ದರು. ಸೋಮವಾರ ಸುಂಬರ್ ಅಲಸ್‌ಗೆ ಹತ್ತಬೇಕಿದ್ದ ಲಸಿಕೆಯ ಗಾಡಿಯನ್ನು ಬೇರೆ ಕಡೆ ತಿರುಗಿಸಲು ಹೇಳಿಯೂ ಆಗಿತ್ತು.

ಮುರ್ಯಾನಿ ತೆಂಪೆ ಮುಟ್ಟಲಿಲ್ಲ. ಅದು ಹೊಗೆಸೊಪ್ಪಿನ ಕೊಯ್ಲಿನ ತಿಂಗಳು. ಆ ಹಳ್ಳಿಯ ತಾಯಂದಿರು ಕೊಯ್ಲು ಮುಗಿಯುವವರೆಗೆ ಮಗುವನ್ನು ಎತ್ತಿಕೊಂಡು ಎಲ್ಲಿಗೂ ಇಳಿಯುವುದಿಲ್ಲ ಎಂಬುದು ಅವರ ಮಂಡಿಗೇ ಗೊತ್ತಿತ್ತು. ಅದೇ ಹಳ್ಳಿಯಲ್ಲಿ ಹಿಂದೊಮ್ಮೆ ದಡಾರ ಬಂದು ಮೂರು ಮಕ್ಕಳು ಹೋಗಿದ್ದವು. ಮೂವರ ಹೆಸರೂ ಅವರ ಬಾಯಲ್ಲಿತ್ತು.

"ಈ ಸೊನ್ನೆ ಸುಳ್ಳು, ಪಾಕ್. ಗಾಡಿ ತಿರುಗಿಸ್ಬೇಡಿ, ಅರ್ಧ ಗಂಟೆ ಕೊಡಿ," ಎಂದರು.

ಅರ್ಧ ಗಂಟೆ ಬೇಕಾಗಲಿಲ್ಲ. ಹತ್ತು ದಿನದ ಹಿಂದೆ ಅವರೇ ಜರಡಿಗೆ ಮೂರನೆಯದೊಂದು ಪ್ರಶ್ನೆ ಸೇರಿಸಿದ್ದರು: ಮಗುವಿನ ತೂಕ ನೋಡುವ ಕೇಂದ್ರ ಯಾವುದು? ಇದನ್ನೂ ಬೇಕಿದ್ದರೆ ಕೊಡಬಹುದು, ಬಿಡಬಹುದು. ಹಳ್ಳಿ, ವಯಸ್ಸು ಎರಡಕ್ಕೂ ಸೋಸುವ ಮೊದಲು ಒಂದು ತಪಾಸಣೆ ಇತ್ತು. ಕೊಟ್ಟಿದ್ದರೆ ಸೋಸು, ಕೊಡದಿದ್ದರೆ ಸುಮ್ಮನೆ ಮುಂದೆ ಹೋಗು. ಕೇಂದ್ರಕ್ಕೆ ಆ ತಪಾಸಣೆ ಬರೆದಿರಲೇ ಇಲ್ಲ. ಲಸಿಕೆ ವಿಭಾಗದ ಬಾಗ್ಯೊ ಕೇಂದ್ರದ ಹೆಸರು ಕೊಡದೆ ಜರಡಿ ಆಡಿಸಿದ್ದರು. ಜರಡಿಯೋ ಪ್ರತಿ ಮಗುವಿನ ಕೇಂದ್ರವನ್ನೂ ಆ ಖಾಲಿ ಜಾಗದ ಜೊತೆ ಹೋಲಿಸಿ ನೋಡಿತು. ಖಾಲಿಗೆ ಸರಿಹೊಂದುವ ಕೇಂದ್ರ ಯಾವ ಮಗುವಿಗಿದ್ದೀತು? ಒಬ್ಬರೂ ಕೆಳಗೆ ಬೀಳಲಿಲ್ಲ. ತಪ್ಪೆಂದು ಕಿರುಚಲೂ ಇಲ್ಲ ಆ ಯಂತ್ರ, ಸಜ್ಜನನ ಹಾಗೆ ಸೊನ್ನೆ ಎಂದು ಹೇಳಿ ಸುಮ್ಮನಾಯಿತು.

ಮುರ್ಯಾನಿ ಒಂದು ಸಾಲು ಸೇರಿಸಿ ಮತ್ತೆ ಆಡಿಸಿದರು. ಅರವತ್ತೊಂದು ಮಕ್ಕಳು.

ಸಾಹೇಬರ ಮುಖ ಇಂಗು ತಿಂದ ಮಂಗನಂತಾಯಿತು. ಗಾಡಿಯವನಿಗೆ ಫೋನು ಮಾಡಿ, ಸೋಮವಾರ ಬೆಟ್ಟಕ್ಕೇ ಹೋಗಬೇಕು ಎಂದರು, ಅಷ್ಟರ ಮಟ್ಟಿಗೆ ಒಳ್ಳೆಯವರು. ಆಮೇಲೆ ಪ್ರಾಂತ್ಯದವರಿಗೆ ಏನು ಹೇಳುವುದೆಂಬ ಚಿಂತೆ ಹತ್ತಿತು. ಅದಕ್ಕೂ ದಾರಿ ಕಂಡಿತು. ಬಾಗ್ಯೊ ಕೇಂದ್ರದ ಹೆಸರು ಹಾಕದೆ ಎಡವಟ್ಟು ಮಾಡಿದ, ಅವನಿಂದ ಒಂದು ತಪ್ಪೊಪ್ಪಿಗೆ ಬರೆಸಿ ಕಳಿಸಿದರಾಯಿತು.

ಬಾಗ್ಯೊ ಗುತ್ತಿಗೆ ನೌಕರ. ಎರಡು ಮಕ್ಕಳ ತಂದೆ. ಮುಂದಿನ ತಿಂಗಳೇ ಗುತ್ತಿಗೆ ಮುಗಿಯುತ್ತಿತ್ತು. ಅಂಥದ್ದೊಂದು ಕಾಗದ ಕಡತದಲ್ಲಿ ಕೂತರೆ ಗುತ್ತಿಗೆ ಮತ್ತೆ ಮುಂದುವರಿಯುವ ಮಾತೇ ಇರಲಿಲ್ಲ. ಮುರ್ಯಾನಿಯವರ ಕಥೆಯೂ ಸುಲಭದ್ದಲ್ಲ. ಬರುವ ತಿಂಗಳು ಮೂವತ್ತು ಕಚೇರಿಗಳ ಜನಕ್ಕೆ ಇದೇ ಜರಡಿಯನ್ನು ಕಲಿಸಲು ಪ್ರಾಂತ್ಯದವರು ಅವರನ್ನು ಆರಿಸಿದ್ದರು. ಸಾಹೇಬರು ಅದನ್ನು ನೆನಪಿಸಿ, ನೀವು ಇದರಲ್ಲಿ ತಲೆ ಹಾಕದಿದ್ದರೆ ಒಳ್ಳೆಯದು ಎಂದು ಮೆಲ್ಲಗೆ ಹೇಳಿದರು.

ಮಧ್ಯಾಹ್ನದ ನಮಾಜು ಮುಗಿಸಿ ಮುರ್ಯಾನಿ ಬರುವ ಹೊತ್ತಿಗೆ ಬಾಗ್ಯೊ ಕಾಗದ ಬರೆದು ಮುಗಿಸಿದ್ದರು.

"ತಪ್ಪು ನಂದೇ ಅಲ್ವಾ ಬೂ, ಕೇಂದ್ರ ಹಾಕೋದು ಮರ್ತೆ," ಎಂದರು.

"ಕೊಡಲೇಬೇಕು ಅಂತ ಇಲ್ದೇ ಇರೋದನ್ನ ಕೊಡದೇ ಇದ್ರೆ ಅದು ನಿಂದ್ಯಾವ ಸೀಮೆ ತಪ್ಪೋ ಮಾರಾಯ? ಕೊಡು ಇಲ್ಲಿ."

ಕನ್ನಡಕ ಏರಿಸಿ ಅವರು ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಅಕ್ಷರ ದುಂಡಗಿದೆ ಎಂದು ಹೊಗಳಿದರು. 'ಕೇಂದ್ರದ ಹೆಸರು ಕೊಡಲು ಮರೆತೆ' ಎಂಬ ಸಾಲನ್ನು ಹೊಡೆದುಹಾಕಿ, 'ಕೊಟ್ಟಿದ್ದಾರೋ ಇಲ್ಲವೋ ಎಂದು ಮೊದಲು ನೋಡುವ ಸಾಲನ್ನು ಬರೆಯಲು ಮರೆತೆ' ಎಂದು ತಿದ್ದಿದರು. ಕೊನೆಯಲ್ಲಿದ್ದ ಬಾಗ್ಯೊ ಅವರ ಹೆಸರನ್ನೂ ಹೊಡೆದು, ಅದರ ಕೆಳಗೆ ತಮ್ಮ ಹೆಸರು ಬರೆದರು. ಬಾಗ್ಯೊ ಬೇಡವೆನ್ನಲು ಬಾಯಿ ತೆರೆದು ಅತ್ತುಬಿಟ್ಟರು.

ಮುರ್ಯಾನಿ ಕಾಗದ ಹಿಡಿದು, ಮಂಡಿ ಒತ್ತಿಕೊಂಡು ಎದ್ದು, ಸಾಹೇಬರ ಕೋಣೆಗೆ ತಾವೇ ನಡೆದುಕೊಂಡು ಹೋದರು.