ಅವ್ವನ ಪದಕ್ಕೆ ಅರ್ಥ ಹೇಳಿದ ಸರ್

ನಮ್ಮ ಕನ್ನಡ ಸರ್, ಬಡಿಗೇರರು ಪೆನ್ಸಿಲ್ ಸಿಗಿಸಿಕೊಂಡಂತೆ, ಬಲಗಿವಿಯ ಮೇಲೆ ಸೀಮೆಸುಣ್ಣ ಸಿಗಿಸಿಕೊಳ್ಳುತ್ತಿದ್ದರು. ಪಾಠ ರಂಗೇರಿದಾಗ ಅದನ್ನು ಮರೆತು ಕಿಸೆಯೆಲ್ಲ ತಡಕಾಡುವರು. ನಾವು ಹುಡುಗಿಯರು ಕಿಸಕ್ಕೆಂದರೆ, "ನಗ್ರಿ ನಗ್ರಿ, ಆದ್ರ ಯಾಕ ನಗತೀವಿ ಅನ್ನೂದನ್ನೂ ವಿಚಾರ ಮಾಡ್ರಿ" ಅನ್ನುವರು.

ಎಪ್ಪತ್ತರ ದಶಕದ ಕೊನೆ. ಖಾನಾಪುರದಿಂದ ಬೆಳಗಾವಿಯ ಕಾಲೇಜಿಗೆ ದಿನಾ ರೈಲಿನಲ್ಲಿ ಬರುತ್ತಿದ್ದ ನನಗೆ ಕವಿತೆ ಅಂದರೆ ಬಾಯಿಪಾಠ, ಮುಗೀತು. ಆ ಚಟ ಬಿಡಿಸಿದವರು ಇವರೇ. ಯಾವ ಪದ್ಯ ತೆಗೆದರೂ ಮೊದಲು ಕೇಳುವರು: "ಇದನ್ನ ಯಾರು ಹೇಳಾಕತ್ತಾರ? ಯಾರ ಮನ್ಯಾಗ ಕುಂತು? ಯಾರನ್ನ ಸುಮ್ಮ ಕುಂದ್ರಿಸಿ?" ಪದ್ಯದಲ್ಲಿ ರಾಣಿಯ ಚೆಲುವಿನ ವರ್ಣನೆಯಿದ್ದರೆ, ಆಕೆಯ ತಲೆ ಬಾಚಿದವಳನ್ನು ನಮ್ಮಿಂದ ಹುಡುಕಿಸುವರು. ನನಗಂತೂ ಕಣ್ಣ ಪೊರೆ ಹರಿದಂತಾಯಿತು.

ನಮ್ಮವ್ವ ಬೀಸುಕಲ್ಲಿನ ಮುಂದೆ ತಾನೇ ಪದ ಕಟ್ಟಿ ಹಾಡುತ್ತಾಳೆಂದು ತಿಳಿದು, ಒಂದು ರವಿವಾರ ಮನೆಗೇ ಬಂದರು. "ಬರ್ರಿ, ಕುಂದರ್ರಿ" ಎಂದು ಅವ್ವ ಕಂಬಳಿ ಹಾಸಿದಳು. ತೀರಿಕೊಂಡ ನನ್ನ ತಂಗಿಯ ಮೇಲೆ ಕಟ್ಟಿದ ಪದ ಹಾಡಿದಳು. ಹೊಳೆ ತುಂಬಿ ಗಾಡಿ ದಾಟದೆ, ಜ್ವರದ ಕೂಸು ಅವಳ ಮಡಿಲಲ್ಲೇ ಹೋಗಿತ್ತು. ಬೀಸುವ ಪದದಲ್ಲಿ ಪ್ರೀತಿಯವರ ಹೆಸರು ಹಾಕುವುದು ನಮ್ಮ ಕಡೆಯ ರೂಢಿ. ತಂಗಿಯ ಹೆಸರೂ ಇತ್ತು. ಸರ್ ಬರೆದುಕೊಂಡರು. ಕಣ್ಣೂ ಒರೆಸಿಕೊಂಡರು.

ಕೆಲ ತಿಂಗಳ ಮೇಲೆ ಕಾಲೇಜಿನ ವಿಚಾರಗೋಷ್ಠಿಯಲ್ಲಿ ಆ ಪದ ಓದಿದರು. ಕಟ್ಟಿದವರು ಅಜ್ಞಾತ ಎಂದರು. ಯಾವುದೋ ಹೊರದೇಶದ ಸಿದ್ಧಾಂತ ತಂದರು: ಕೂಸೆಂದರೆ ಬಿತ್ತಿದ ಬೀಜವಂತೆ, ತುಂಬಿದ ಹೊಳೆ ಭೂತಾಯಿಯ ಬಯಕೆಯಂತೆ! ತಂಗಿಯ ಹೆಸರಿದ್ದಲ್ಲಿ "ಬಾಲೆ" ಎಂದು ತಿದ್ದಿದ್ದರು. ಚಪ್ಪಾಳೆಯೋ ಚಪ್ಪಾಳೆ. ನಾನು ಎದ್ದು ನಿಂತೆ.

"ಸರ್, ಅದು ನನ್ನ ತಂಗಿರೀ. ಪದ ಕಟ್ಟಿದಾಕಿ ನಮ್ಮವ್ವ. ನೀವ ಬಂದು ಕೇಳೀರಲ್ಲ."

"ಕುಂದರವಾ," ಎಂದರು ನಗುತ್ತ. "ಜನಪದಕ್ಕ ಹೆಸರು ಇರೂದಿಲ್ಲ. ಒಬ್ಬಾಕಿದಂದ್ರ ಅದರ ಬೆಲಿ ಹೋಗತೈತಿ."

ಮೈ ಉರಿದುಹೋಯಿತು. ಇವತ್ತಿಗೂ ಆರಿಲ್ಲ. ಹೇಳೋದು ವೇದ, ಹಾಕೋದು ಗಾಳ! ತಿಳಿಯದವರು ಮಾಡಿದ್ದರೆ ಬಿಡುತ್ತಿದ್ದೆ. ಇವರು ಎಲ್ಲ ತಿಳಿದವರು.

ಎಂಬತ್ತರ ದಶಕದಲ್ಲಿ ಸರ್ ತೀರಿಕೊಂಡರು. ಆಗ ನಾನೂ ಪಾಠ ಹೇಳುತ್ತಿದ್ದೆ, ಅವರು ಕಲಿಸಿದ ಪ್ರಶ್ನೆಗಳನ್ನೇ ಕೇಳುತ್ತ. ಆ ಋಣ ಇಲ್ಲವೆನ್ನಲಾರೆ. ಸುದ್ದಿ ಕೇಳಿ ಅವ್ವ, "ಅಯ್ಯ ಪಾಪ, ನನ್ನ ಹಾಡ ಕೇಳಿ ಅತ್ತ ಗಂಡಸು ಅವರೊಬ್ಬರ" ಎಂದು ಬೀಸುಕಲ್ಲಿಗೆ ಕೂತಳು. ಅವರ ಮೇಲೊಂದು ಪದ ಕಟ್ಟಿ, ಅದರಲ್ಲಿ ಅವರ ಹೆಸರು ಹಾಕಿದಳು.

ನಾನಂತೂ ಇಲ್ಲಿ ಹಾಕಿಲ್ಲ.